55 ಇಂಚಿನ 4ಕೆ ಟಿವಿ, ಅದಕ್ಕೆ ಹಳದಿ ವೈರು: ಒಳ್ಳೆ ಚಿತ್ರ ನಿಜವಾಗಿ ಯಾರಿಗೆ ಬೇಕು?

#1 ಅರಸೀಕೆರೆ ತೆಂಗು

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಅದೇ ನೆಪ ಮಾಡಿಕೊಂಡು ಅಪ್ಪನಿಗೆ 55 ಇಂಚಿನ 4ಕೆ ಟಿವಿ ಕೊಡಿಸಿದೆ. ನಾನಿರುವುದು ಬೆಂಗಳೂರಿನಲ್ಲಿ. ಟಿವಿ ನೇರ ಊರಿಗೆ ಹೋಯಿತು, ಅಂಗಡಿಯವರೇ ಗೋಡೆಗೆ ಹಾಕಿ ಹೋದರು.

ದೀಪಾವಳಿಗೆ ಹೋಗಿ ನೋಡಿದರೆ ಪರದೆ ಮೇಲಿನವರೆಲ್ಲ ಕುಂಬಳಕಾಯಿ ಹಾಗೆ ಊದಿಕೊಂಡಿದ್ದಾರೆ. ಚಿತ್ರ ಮಸುಕು. ಹಿಂದೆ ಕೈ ಹಾಕಿ ತಡವಿದೆ. ಸೆಟ್‌ಟಾಪ್ ಬಾಕ್ಸಿನಿಂದ ಬಂದಿರುವುದು ಹಳದಿ, ಕೆಂಪು, ಬಿಳಿ ಪಿನ್ನಿನ ಹಳೇ ವೈರು! ಬಾಕ್ಸ್ ಎಚ್‌ಡಿ ಬಾಕ್ಸೇ, ಅಂದರೆ ಹೆಚ್ಚು ಸ್ಪಷ್ಟ ಚಿತ್ರ ಕೊಡುವಂಥದ್ದು. ಆ ಚಿತ್ರ ಟಿವಿಗೆ ಕಳಿಸುವ ಎಚ್‌ಡಿಎಂಐ ತೂತು ಖಾಲಿ ಬಿದ್ದಿದೆ. ಚಾನೆಲ್‌ಗಳೆಲ್ಲ ಮಾಮೂಲಿ ಎಸ್‌ಡಿ, ಅಂದರೆ ಕಡಿಮೆ ಸ್ಪಷ್ಟತೆಯವು.

ಪೇಟೆಗೆ ಹೋಗಿ ಎಚ್‌ಡಿಎಂಐ ಕೇಬಲ್ ತಂದು ಹಾಕಿದೆ. ಒಂದು ಎಚ್‌ಡಿ ಚಾನೆಲ್ ಕೂಡ ಆನ್ ಮಾಡಿಸಿ ತೋರಿಸಿದೆ. ಅಪ್ಪ ಎರಡು ನಿಮಿಷ ನೋಡಿ "ಚೆನ್ನಾಗಿದೆ. ತಿಂಗಳಿಗೆ ಎಷ್ಟು ಜಾಸ್ತಿ ಆಗುತ್ತೆ?" ಅಂದರು. ಹೇಳಿದೆ. "ಮುಖ ಕಾಣುತ್ತಲ್ಲ, ಸಾಕು ಬಿಡು" ಅಂದು ಎಸ್‌ಡಿಗೇ ವಾಪಸ್ ಹೋದರು.

ಈಗ 8ಕೆ, ಮಿನಿ ಎಲ್‌ಇಡಿ, ಇನ್ನೇನೇನೋ ಬರುತ್ತಿದೆ. ನನ್ನ ಪ್ರಶ್ನೆ ಇಷ್ಟೇ. ನಮ್ಮ ಜನಕ್ಕೆ ಒಳ್ಳೆ ಚಿತ್ರ ಬೇಕು ಅನ್ನಿಸುವ ದಿನ ಬರುತ್ತದಾ? ಅಥವಾ ಇದೆಲ್ಲ ನಮ್ಮಂಥ ನಾಲ್ಕು ಜನರ ಹುಚ್ಚಾ?

#2 ಪಿಕ್ಸೆಲ್ ಪುಟ್ಟ

ನಿಮ್ಮ ಹುಚ್ಚು ಅಷ್ಟೇ ಗುರು 😀

#3 ಕೇಬಲ್ ಅಣ್ಣ

ನಾನು ತುಮಕೂರು ಕಡೆ ಕೇಬಲ್ ನಡೆಸುವವನು. ಆ ಹಳದಿ ವೈರಿನ ಕತೆ ನನಗೆ ದಿನಾ ಕಾಣುವುದೇ. ಬಾಕ್ಸ್ ಜೊತೆ ಎಚ್‌ಡಿಎಂಐ ಕೇಬಲ್ ಬರದಿದ್ದರೆ ಹುಡುಗ ಕೈಗೆ ಸಿಕ್ಕಿದ ವೈರು ಹಾಕಿ ಬರುತ್ತಾನೆ. ಚಿತ್ರ ಬಂತು, ಅವನ ಕೆಲಸ ಮುಗಿಯಿತು.

ಆದರೆ ತಪ್ಪೆಲ್ಲ ಜನರದ್ದು ಅನ್ನಬೇಡಿ. 2019ರಲ್ಲಿ ಟ್ರಾಯ್ (ಟಿವಿ, ಫೋನ್ ಸೇವೆಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ) ಹೊಸ ದರ ಪದ್ಧತಿ ತಂದಾಗ ಮೊದಲ 100 ಚಾನೆಲ್‌ಗೆ 130 ರೂಪಾಯಿ ಮಿತಿ, ಜಿಎಸ್‌ಟಿ ಸೇರಿ 153 ರೂ. 40 ಪೈಸೆ. ಆ ಲೆಕ್ಕದಲ್ಲಿ ಒಂದು ಎಚ್‌ಡಿ ಚಾನೆಲ್ ಅಂದರೆ ಎರಡು ಎಸ್‌ಡಿ ಚಾನೆಲ್‌ಗೆ ಸಮ. ಅದರ ಮೇಲೆ ಚಾನೆಲ್‌ನ ದರ ಬೇರೆ. ಅದೇ ಧಾರಾವಾಹಿ, ಅದೇ ಜಾಹೀರಾತು, ಅದೇ ಟೈಮು, ದುಡ್ಡು ಮಾತ್ರ ಜಾಸ್ತಿ. ಅಜ್ಜಿ ಒಬ್ಬರು ನನ್ನನ್ನು ಕೇಳಿದರು: "ಎಚ್‌ಡೀಲಿ ಕತೆ ಮುಂದೆ ಹೋಗಿರುತ್ತಾ?" ಇಲ್ಲ ಅಂದೆ. "ಹಂಗಾದ್ರೆ ಬೇಡ."

ಹತ್ತು ನಿಮಿಷ ಯೋಚನೆ ಮಾಡಿದೆ, ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

#4 ಹಳೇ ಮೈಸೂರಿಗ

ಅಜ್ಜಿಗೆ ನೂರಕ್ಕೆ ನೂರು ಅಂಕ.

#5 ಪಿಕ್ಸೆಲ್ ಪುಟ್ಟ

ಸರಿ, ತಮಾಷೆ ಸಾಕು, ಲೆಕ್ಕ ಹೇಳುತ್ತೇನೆ. ಸಾಧಾರಣ ಒಳ್ಳೆ ಕಣ್ಣು, ಅಂದರೆ ಡಾಕ್ಟರು 6/6 ಅನ್ನುವ ಕಣ್ಣು, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣದನ್ನು ಬೇರೆ ಮಾಡಿ ನೋಡುತ್ತದೆ. 55 ಇಂಚಿನ ಟಿವಿ ಅಗಲ ಸುಮಾರು 122 ಸೆಂ.ಮೀ. ನಮ್ಮ ಹಾಲ್‌ಗಳಲ್ಲಿ ಸೋಫಾ ಇರುವುದು ಹೆಚ್ಚುಕಮ್ಮಿ 10 ಅಡಿ ದೂರ. ಅಲ್ಲಿಂದ ನೋಡಿದರೆ ಅಡ್ಡಕ್ಕೆ ಸುಮಾರು 1,370 ಚುಕ್ಕಿ ಮಾತ್ರ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತವೆ.

ಎಸ್‌ಡಿಯಲ್ಲಿ ಅಡ್ಡಕ್ಕೆ 720 ಚುಕ್ಕಿ. ಫುಲ್ ಎಚ್‌ಡಿಯಲ್ಲಿ 1,920. 4ಕೆಯಲ್ಲಿ 3,840. ಅಂದರೆ ಎಸ್‌ಡಿಯಿಂದ ಎಚ್‌ಡಿಗೆ ಹೋದರೆ ಅಜ್ಜಿಗೂ ಗೊತ್ತಾಗಬೇಕು. ಎಚ್‌ಡಿಯಿಂದ 4ಕೆಗೆ ಹೋದರೆ ನಿಮಗೂ ಗೊತ್ತಾಗುವುದಿಲ್ಲ, ಸೋಫಾವನ್ನು ನಾಲ್ಕೈದು ಅಡಿಗೆ ಎಳೆದುಕೊಂಡು ಕೂತರೆ ಮಾತ್ರ. ಇನ್ನು 8ಕೆ ನೋಡಬೇಕಾದರೆ ಟಿವಿಗೆ ಮೂಗು ಒರೆಸಬೇಕು.

#6 ಬೆಳಕಿನ ಬೇಟೆ

ಪುಟ್ಟ ಅವರೇ, ನಿಮ್ಮ ಲೆಕ್ಕ ಸರಿ, ತೀರ್ಪು ತಪ್ಪು. 4ಕೆ ಅಂದರೆ ಬರೀ ಚುಕ್ಕಿ ಎಣಿಸುವುದಲ್ಲ. ಅದರ ಜೊತೆ ಬಂದದ್ದು ಎಚ್‌ಡಿಆರ್. ಕತ್ತಲೆ ಕತ್ತಲೆಯಾಗಿ, ಬೆಳಕು ಬೆಳಕಾಗಿ ಕಾಣುವುದು. ದೀಪದ ಉರಿ ನೋಡಿ. ಮಾಮೂಲಿ ಚಿತ್ರದಲ್ಲಿ ಅದು ಬಿಳಿ ತೇಪೆ. ಒಳ್ಳೆ ಎಚ್‌ಡಿಆರ್‌ನಲ್ಲಿ ಉರಿಯ ಒಳಗೆ ಹಳದಿ, ಕಿತ್ತಳೆ ಎಲ್ಲ ಕಾಣುತ್ತದೆ. ಇದಕ್ಕೆ ದೂರದ ಲೆಕ್ಕ ಬೇಡ, 20 ಅಡಿಯಿಂದಲೂ ಗೊತ್ತಾಗುತ್ತದೆ.

ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಹಾಗಾಗಿ ಕಪ್ಪು ಅಂದರೆ ಕಪ್ಪೇ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸೋರಿ ಕಪ್ಪು ಬೂದಿಯಾಗುತ್ತದೆ. ಇದನ್ನು ಒಮ್ಮೆ ನೋಡಿದವರು ವಾಪಸ್ ಬರುವುದಿಲ್ಲ.

#7 ಪಿಕ್ಸೆಲ್ ಪುಟ್ಟ

ಒಪ್ಪಿದೆ. ಆದರೆ 25 ಸಾವಿರದ ಟಿವಿಗೂ ಎಚ್‌ಡಿಆರ್ ಅಂತ ಸ್ಟಿಕ್ಕರ್ ಅಂಟಿಸುತ್ತಾರಲ್ಲ? ಆ ಪರದೆಗೆ ಅಷ್ಟು ಬೆಳಕು ಕೊಡುವ ತಾಕತ್ತೇ ಇರುವುದಿಲ್ಲ. ಎಚ್‌ಡಿಆರ್ ಹಾಕಿದರೆ ಚಿತ್ರ ಇನ್ನೂ ಮಂಕಾಗುತ್ತದೆ. ಜನ "ಇದೇನಾ ನಿಮ್ಮ ಎಚ್‌ಡಿಆರ್" ಅಂತ ಬೈದುಕೊಂಡು ಆಫ್ ಮಾಡುತ್ತಾರೆ.

#8 ಬೆಳಕಿನ ಬೇಟೆ

ಅದು ಮಾತ್ರ ನಿಜ. ಸ್ಟಿಕ್ಕರ್‌ಗೆ ಬೆಳಕಿಲ್ಲ.

#9 ರಾಯರ ಮಠದ ಬೀದಿ

ಈ ಪ್ರಶ್ನೆ ಹೊಸದಲ್ಲ ಮಕ್ಕಳೇ. 1982ರಲ್ಲಿ ಬಣ್ಣ ಬಂದಾಗಲೂ ನಮ್ಮ ಬೀದಿಯಲ್ಲಿ ಇದೇ ಚರ್ಚೆ. ಆಗಸ್ಟ್ 15ರಂದು ಬಣ್ಣದ ರಾಷ್ಟ್ರೀಯ ಪ್ರಸಾರ, ನವೆಂಬರ್‌ನಲ್ಲಿ ದೆಹಲಿ ಏಷ್ಯನ್ ಗೇಮ್ಸ್. "ವಾರ್ತೆ ಓದುವವರ ಸೀರೆ ಬಣ್ಣ ಗೊತ್ತಾಗಲಿಕ್ಕೆ ಅಷ್ಟು ದುಡ್ಡಾ?" ಅಂತ ನಮ್ಮ ತಂದೆ ನಕ್ಕಿದ್ದರು.

ಆಮೇಲೆ ಅವರೇ ಏನು ಮಾಡಿದರು ಗೊತ್ತಾ? ಸಂತೆಯಿಂದ ಒಂದು ಪ್ಲಾಸ್ಟಿಕ್ ಹಾಳೆ ತಂದರು. ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಕೆಂಪು ಛಾಯೆ. ಅದನ್ನು ಕಪ್ಪು-ಬಿಳುಪು ಟಿವಿ ಮುಂದೆ ಕಟ್ಟಿದರು. ಮೈದಾನ ಬಂದರೆ ಆಕಾಶ ನೀಲಿ, ಹುಲ್ಲು ಹಸಿರು, ಸರಿಯಾಗಿ ಕೂಡುತ್ತಿತ್ತು. ವಾರ್ತೆ ಬಂದರೆ ಓದುವವರ ಹಣೆ ನೀಲಿ, ಗದ್ದ ಹಸಿರು. ಆದರೂ ಎರಡು ವರ್ಷ ತೆಗೆಯಲಿಲ್ಲ. ಪಕ್ಕದ ಮನೆಯವರು ಬಂದು "ನಿಮ್ಮದು ಕಲರ್ ಟಿವೀನಾ?" ಅಂತ ಕೇಳಲಿ ಅಂತ.

ಆಸೆ ಇತ್ತು. ದುಡ್ಡು ಇರಲಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

#10 ಗೀತಾ ಶಿರಸಿ

ಹಣೆ ನೀಲಿ, ಗದ್ದ ಹಸಿರು 😂 ಯಕ್ಷಗಾನದ ವೇಷ ಆಗಿಹೋಯಿತಲ್ಲ ಸರ್!

#11 ದಾವಣಗೆರೆ ಬೆಣ್ಣೆ

ಬೆಂಗಳೂರಿಗೆ ಟಿವಿ ಬಂದದ್ದೇ 1981ರ ನವೆಂಬರ್ 1ಕ್ಕೆ, ದೂರದರ್ಶನ ಕೇಂದ್ರ ಶುರುವಾದಾಗ. ಅಂದರೆ ಒಂದೇ ವರ್ಷದಲ್ಲಿ ಬಣ್ಣ ಕೂಡ ಬಂತು. ಕರ್ನಾಟಕದವರು ಕಪ್ಪು-ಬಿಳುಪು ಸರಿಯಾಗಿ ನೋಡಲೇ ಇಲ್ಲ ಅನ್ನಿ.

#12 ಕಲಬುರಗಿ ಬಿಸಿಲು

ತಡೀರಿ ತಡೀರಿ. ಬೆಂಗಳೂರಿಗೆ 1981 ಇರಬಹುದು. ಕರ್ನಾಟಕಕ್ಕೆ ಅಲ್ಲ. ನಮ್ಮ ಕಡೆ ಅದಕ್ಕಿಂತ ಆರು ವರ್ಷ ಮೊದಲೇ ಟಿವಿ ಬಂದಿತ್ತು. ಉಪಗ್ರಹದಿಂದ ಹಳ್ಳಿಗೆ ಟಿವಿ ಕಾರ್ಯಕ್ರಮ ಕಳಿಸುವ ಸೈಟ್ ಪ್ರಯೋಗ ಅಂತ, 1975ರ ಆಗಸ್ಟ್‌ನಿಂದ ಒಂದು ವರ್ಷ. ಅಮೆರಿಕದ ಎಟಿಎಸ್-6 ಉಪಗ್ರಹ, ಇಸ್ರೋದ ಕೆಲಸ. ಆರು ರಾಜ್ಯಗಳ 2,400 ಹಳ್ಳಿ. ನಮ್ಮಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆ. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ 10 ಅಡಿ ಡಿಶ್. ಕಾರ್ಯಕ್ರಮ ಕನ್ನಡದಲ್ಲೇ ಬರುತ್ತಿತ್ತು. ಊರಿಗೊಂದು ಟಿವಿ, ಇಡೀ ಊರು ನೆಲದ ಮೇಲೆ ಕೂತು ನೋಡುವುದು. ಹಿಂದೆ ಕೂತವರಿಗೆ ಪರದೆ ಅಂಗೈಯಷ್ಟು. ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ ಅಂತ ನಮ್ಮ ಕಾಕಾ ಇವತ್ತಿಗೂ ಹೇಳುತ್ತಾರೆ.

ಬೆಂಗಳೂರಿಗಿಂತ ಮೊದಲು ನಮಗೆ ಸಿಕ್ಕಿದ್ದು ಇದೊಂದೇರೀ, ಇದನ್ನೂ ಕಸಿದುಕೊಳ್ಳಬೇಡಿ.

#13 ದಾವಣಗೆರೆ ಬೆಣ್ಣೆ

ಗೊತ್ತಿರಲಿಲ್ಲ ಸರ್. ತಿದ್ದಿದ್ದಕ್ಕೆ ಥ್ಯಾಂಕ್ಸ್, ತಪ್ಪಾಯಿತು.

#14 ಒಸಾಕಾ ಒತ್ತು ಶ್ಯಾವಿಗೆ

ಜಪಾನ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯವರು 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಹೈ-ಡೆಫಿನಿಷನ್ ಸಂಶೋಧನೆಗೆ ಇಳಿದವರು. ಎಲ್ಲರಿಗಿಂತ ಮೊದಲು ಅನಲಾಗ್ ಎಚ್‌ಡಿ ತಂದರು, ಹೈ-ವಿಷನ್ ಅಂತ. ಚಿತ್ರ ಅದ್ಭುತ. ಟಿವಿ ಬೆಲೆ ಮಾತ್ರ ಕಾರಿನ ಬೆಲೆ. ಹಾಗಾಗಿ ಬಹಳ ಮನೆಗೆ ಹೋಗಲೇ ಇಲ್ಲ. ಅಷ್ಟರಲ್ಲಿ ಡಿಜಿಟಲ್ ಬಂದು ಅದನ್ನು ನುಂಗಿತು.

ಜನ ಎಚ್‌ಡಿಗೆ ಬಂದದ್ದು ಯಾವಾಗ? ಸರ್ಕಾರ ಹಳೇ ಪ್ರಸಾರದ ಸ್ವಿಚ್ ಆಫ್ ಮಾಡಿದಾಗ. ಇಲ್ಲಿ 2011ರ ಜುಲೈ 24. ಅಮೆರಿಕದಲ್ಲಿ 2009ರ ಜೂನ್ 12. ಭಾರತದಲ್ಲೂ ಕೇಬಲ್ ಡಿಜಿಟಲ್ ಆದದ್ದು ಹಾಗೇ ಅಲ್ವಾ?

8ಕೆ ಕೂಡ ಇಲ್ಲಿದೆ. 2018ರ ಡಿಸೆಂಬರ್ 1ರಿಂದ ಒಂದು ಪೂರ್ತಿ ಚಾನೆಲ್. ನಾನು ಅದನ್ನು ನೋಡಿದ್ದು ಎನ್‌ಎಚ್‌ಕೆ ಕಟ್ಟಡದಲ್ಲಿ ಮಾತ್ರ. ನನಗೆ ಗೊತ್ತಿರುವ ಒಬ್ಬರ ಮನೆಯಲ್ಲೂ ಇಲ್ಲ. ಪಕ್ಕದ ಮನೆ ಅಜ್ಜ ನೋಡುವುದು ಸುಮೋ, ಮಾಮೂಲಿ ಚಾನೆಲ್‌ನಲ್ಲಿ. ಅವರಿಗೆ ಬೇಕಾದದ್ದು ಯಾರು ಬಿದ್ದರು ಅಂತ ಅಷ್ಟೇ.

#15 ಕೇಬಲ್ ಅಣ್ಣ

ಹೌದು. ಬೆಂಗಳೂರು, ಮೈಸೂರಿಗೆ ಗಡುವು 2013ರ ಮಾರ್ಚ್ 31. ಬಾಕ್ಸ್ ಹಾಕದಿದ್ದರೆ ಟಿವಿ ಬಂದ್. ಆಗ ನಾನು ಮೈಸೂರಿನಲ್ಲಿ ಕೆಲಸಕ್ಕಿದ್ದೆ. ಕೊನೇ ವಾರ ನಿದ್ದೆ ಮಾಡಿಲ್ಲ. ಜನ ಬೈದ ಬೈಗುಳ ಈಗಲೂ ಕಿವಿಯಲ್ಲಿದೆ. ಒಬ್ಬರೂ "ಚಿತ್ರ ಚೆನ್ನಾಗಿ ಬರುತ್ತದಾ" ಅಂತ ಕೇಳಲಿಲ್ಲ. "ಮೊದಲು ಬರುತ್ತಿದ್ದದ್ದು ಈಗ ಯಾಕೆ ಬರಲ್ಲ" ಅಂತಲೇ ಎಲ್ಲರೂ.

#16 ಮಂಡ್ಯದ ಹೈದ

ಯಾರಾದರೂ 3ಡಿ ಟಿವಿ ತಗೊಂಡವರು ಇದ್ದೀರಾ? ಕೈ ಎತ್ತಿ, ನಾಚಿಕೊಳ್ಳಬೇಡಿ.

#17 ಬೆಳಕಿನ ಬೇಟೆ

✋ 2011ರಲ್ಲಿ. ನಾಲ್ಕು ಕನ್ನಡಕ. ಈಗ ಎರಡು ಬೀರುವಿನಲ್ಲಿವೆ, ಒಂದನ್ನು ಮಗ ಮುರಿದ, ಇನ್ನೊಂದನ್ನು ಅಜ್ಜ ಬಿಸಿಲಿಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಎಲ್‌ಜಿ, ಸೋನಿಯವರೂ 2017ಕ್ಕೆ 3ಡಿ ಟಿವಿ ಮಾಡುವುದು ನಿಲ್ಲಿಸಿದರು. ಅಲ್ಲಿಗೆ ಕತೆ ಮುಗಿಯಿತು.

#18 ಮಂಡ್ಯದ ಹೈದ

ಅಜ್ಜನೇ ಸರಿಯಾಗಿ ಉಪಯೋಗಿಸಿದ್ದು.

#19 ಶೋರೂಮ್ ಶಂಕ್ರ

ನಾನು ಟಿವಿ ಅಂಗಡಿಯಲ್ಲಿ ಎಂಟು ವರ್ಷದಿಂದ ಸೇಲ್ಸ್‌ನಲ್ಲಿದ್ದೇನೆ. ಇಲ್ಲಿ ನಡೆಯುತ್ತಿರುವ ಜಗಳ ನೋಡಿ ನಗು ಬಂತು. ಗಿರಾಕಿ ಬಂದು ಕೇಳುವುದು ಏನು ಗೊತ್ತಾ? ಎಷ್ಟು ಇಂಚು. ಇಎಂಐ ಇದೆಯಾ. ಹಳೇ ಟಿವಿಗೆ ಎಷ್ಟು ಕೊಡುತ್ತೀರಿ. ಯೂಟ್ಯೂಬ್ ಬರುತ್ತದಾ. ಗೋಡೆ ಸ್ಟ್ಯಾಂಡ್ ಫ್ರೀನಾ. ಪ್ಯಾನೆಲ್ ಯಾವುದು ಅಂತ ಕೇಳುವವರು ತಿಂಗಳಿಗೊಬ್ಬರು ಬಂದರೆ ನಾವು ಟೀ ತರಿಸುತ್ತೇವೆ.

ಆದರೂ ಎಲ್ಲರೂ 4ಕೆ ತಗೊಂಡೇ ಹೋಗುತ್ತಾರೆ. ಯಾಕೆ? 50 ಇಂಚಿನ ಮೇಲೆ 4ಕೆ ಅಲ್ಲದ ಟಿವಿ ನಮ್ಮ ಅಂಗಡಿಯಲ್ಲಿ ಇಲ್ಲವೇ ಇಲ್ಲ! ಕಂಪನಿಗಳು ಮಾಡುವುದನ್ನೇ ಬಿಟ್ಟಿವೆ. ಜನ ದೊಡ್ಡದು ಬೇಕು ಅಂತ ಬರುತ್ತಾರೆ, 4ಕೆ ಅವರ ಹಿಂದೆ ಪುಗಸಟ್ಟೆ ಹೋಗುತ್ತದೆ. 8ಕೆನೂ ಹೀಗೇ ಬಂದರೆ ಬರಬಹುದು. ಕೇಳಿ ತಗೊಳ್ಳುವವರು ಯಾರೂ ಇಲ್ಲ.

ಇನ್ನೊಂದು ಗುಟ್ಟು. ಅಂಗಡಿಯಲ್ಲಿ ಎಲ್ಲ ಟಿವಿಯನ್ನೂ ಬಣ್ಣ ಕಿತ್ತುಕೊಂಡು ಬರುವ ಹಾಗೆ ಡೆಮೊ ಮೋಡ್‌ನಲ್ಲಿ ಇಟ್ಟಿರುತ್ತೇವೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಬೇಕಲ್ಲ. ಮನೆಗೆ ಹೋದ ಮೇಲೂ ಹಾಗೇ ಬಿಟ್ಟರೆ ಟೊಮೆಟೊ ಬೆಂಕಿಯ ಹಾಗೆ ಕಾಣುತ್ತದೆ. ದಯವಿಟ್ಟು ಸೆಟ್ಟಿಂಗ್‌ಗೆ ಹೋಗಿ ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ. ಕಾಸು ಖರ್ಚಿಲ್ಲ.

#20 ಹಳೇ ಮೈಸೂರಿಗ

ಹಾಕಿದ್ದೆ ಶಂಕ್ರಣ್ಣ. ಹೆಂಡತಿ "ಟಿವಿಗೆ ಕಾಮಾಲೆ ಬಂದಿದೆ" ಅಂದಳು. ವಾಪಸ್ ಬಣ್ಣ ಜಾಸ್ತಿಯ ವಿವಿಡ್ ಮೋಡ್.

#21 ಶೋರೂಮ್ ಶಂಕ್ರ

ಒಂದು ವಾರ ತಡೆದುಕೊಳ್ಳಿ ಸರ್, ಕಣ್ಣು ಒಗ್ಗುತ್ತದೆ. ಹೆಂಡತಿಯವರ ವಿಷಯ ನನಗೆ ಗೊತ್ತಿಲ್ಲ.

#22 ಪಿಕ್ಸೆಲ್ ಪುಟ್ಟ

ಹಾಗೆಯೇ ಆ ಮೋಷನ್ ಸ್ಮೂತಿಂಗ್ ಅನ್ನೂ ಆಫ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿ ನಡುವೆ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ತೆಗೆದ ಸಿನಿಮಾ ಮಧ್ಯಾಹ್ನದ ಧಾರಾವಾಹಿ ಹಾಗೆ ಕಾಣುತ್ತದೆ.

#23 ದಾವಣಗೆರೆ ಬೆಣ್ಣೆ

ನನಗೆ ಅದೇ ಇಷ್ಟ. ಕ್ರಿಕೆಟ್‌ನಲ್ಲಿ ಚೆಂಡು ಸರಾಗವಾಗಿ ಹೋಗುತ್ತದೆ. ಏನೀಗ?

#24 ಪಿಕ್ಸೆಲ್ ಪುಟ್ಟ

ಕ್ರಿಕೆಟ್‌ಗೆ ಇಟ್ಟುಕೊಳ್ಳಿ. ಸಿನಿಮಾಗೆ ತೆಗೆಯಿರಿ. ಇಷ್ಟು ಹೇಳುವ ಹಕ್ಕು ನನಗಿಲ್ಲವಾ?

#25 ದಾವಣಗೆರೆ ಬೆಣ್ಣೆ

ಇಲ್ಲ. ನನ್ನ ಟಿವಿ.

#26 ಗೀತಾ ಶಿರಸಿ

ನೀವೆಲ್ಲ ಫೈಬರ್ ಇಂಟರ್ನೆಟ್ ಇರುವ ಊರಿನವರು. ನಮ್ಮ ಮನೆ ತೋಟದ ನಡುವೆ. ನೆಟ್‌ಫ್ಲಿಕ್ಸ್‌ನವರೇ 4ಕೆಗೆ 15 ಎಂಬಿಪಿಎಸ್ ಇಂಟರ್ನೆಟ್ ವೇಗ ಬೇಕು, ಗಂಟೆಗೆ 7 ಜಿಬಿವರೆಗೂ ಹೋಗಬಹುದು ಅನ್ನುತ್ತಾರೆ. ನಮ್ಮ ಮೊಬೈಲ್ ಪ್ಯಾಕ್ ದಿನಕ್ಕೆ ಒಂದೂವರೆ ಜಿಬಿ. ಹದಿಮೂರು ನಿಮಿಷ ನೋಡಿದರೆ ಆ ದಿನದ್ದು ಮುಗಿಯಿತು! ಅದಕ್ಕೆ 649 ರೂಪಾಯಿ ಪ್ಲಾನು ಬೇರೆ.

ನಮ್ಮ ಮಾವ ರಾತ್ರಿಯಿಡೀ ಯಕ್ಷಗಾನ ಲೈವ್ ನೋಡುತ್ತಾರೆ, ಮೊಬೈಲ್‌ನಲ್ಲಿ, 360ಪಿಯಲ್ಲಿ, ಅಂದರೆ ಎಸ್‌ಡಿಗಿಂತಲೂ ಮಸುಕು. ಕಿರೀಟ ಯಾವುದು ಭುಜಕೀರ್ತಿ ಯಾವುದು ಗೊತ್ತಾಗುವುದಿಲ್ಲ. ಕೇಳಿದರೆ "ಭಾಗವತರ ಪದ ಕೇಳುತ್ತಲ್ಲ, ವೇಷ ನನಗೆ ಗೊತ್ತುಂಟು" ಅನ್ನುತ್ತಾರೆ. ನೆಟ್‌ವರ್ಕ್ ಹೋಗಿ ಪದ ನಿಂತರೆ ಮಾತ್ರ ಮನೆಯೆಲ್ಲ ಎಬ್ಬಿಸುತ್ತಾರೆ.

ಅತ್ತೆ ಮಾತ್ರ ಎಚ್‌ಡಿ ಪಾರ್ಟಿ. ಕಾರಣ ಕೇಳಿ: ಧಾರಾವಾಹಿ ಸೊಸೆಯ ಮೇಕಪ್ ಎಲ್ಲಿ ಮುಗಿಯುತ್ತದೆ, ಮುದುಕನ ವಿಗ್ಗು ಎಲ್ಲಿ ಶುರುವಾಗುತ್ತದೆ, ಎಲ್ಲ ಕಾಣುತ್ತದಂತೆ. ಕತೆಗಿಂತ ಅದೇ ಮಜಾ.

#27 ರಾಯರ ಮಠದ ಬೀದಿ

ನಿಮ್ಮ ಮಾವ ಹೇಳಿದ್ದು ಹೌದು ಅನ್ನಿಸುತ್ತದೆ ತಾಯಿ. ನನ್ನದೂ ಅದೇ ದೂರು, ಚಿತ್ರದ್ದಲ್ಲ, ದನಿಯದ್ದು. ಟಿವಿ ರೊಟ್ಟಿಯಷ್ಟು ತೆಳ್ಳಗಾಗಿದೆ. ಸ್ಪೀಕರ್ ಇಡಲು ಜಾಗವೇ ಇಲ್ಲ, ಹಿಂದಕ್ಕೋ ಕೆಳಕ್ಕೋ ತಿರುಗಿಸಿ ಇಡುತ್ತಾರೆ. ದನಿ ಗೋಡೆಗೆ ಹೇಳುತ್ತದೆ, ಗೋಡೆ ನನಗೆ ಹೇಳುತ್ತದೆ. ಮಾತು ಕೇಳಲಿ ಅಂತ ಜೋರು ಮಾಡಿದರೆ ಹಿನ್ನೆಲೆ ಸಂಗೀತ ಬಂದು ಕಿವಿ ಹರಿಯುತ್ತದೆ. ನಮ್ಮ ಹಳೇ ಮರದ ಡಬ್ಬಿ ಟಿವಿಯಲ್ಲಿ ಸ್ಪೀಕರ್ ಮುಖಕ್ಕೆ ನೇರ ಇತ್ತು.

#28 ಅರಸೀಕೆರೆ ತೆಂಗು

ಅಯ್ಯೋ, ಅಪ್ಪನೂ ಇದನ್ನೇ ಹೇಳಿದ್ದರು, ನಾನೇ ಗಮನ ಕೊಡಲಿಲ್ಲ. "ಟಿವಿ ದೊಡ್ಡದು, ದನಿ ಸಣ್ಣದು" ಅಂದಿದ್ದರು. ಸೌಂಡ್‌ಬಾರ್ ನೋಡಬೇಕು.

#29 ಮಂಡ್ಯದ ಹೈದ

ಕ್ರಿಕೆಟ್ ಬಿಟ್ಟು ಮಾತಾಡುತ್ತಿದ್ದೀರಲ್ಲ ಎಲ್ಲರೂ! 2023ರ ಐಪಿಎಲ್ ಅನ್ನು ಜಿಯೋಸಿನಿಮಾ ಪುಕ್ಕಟೆ 4ಕೆಯಲ್ಲಿ ಕೊಟ್ಟಿತು. ನಮ್ಮ ಬೀದಿಯಲ್ಲಿ ಕೇಬಲ್‌ನಲ್ಲಿ ನೋಡುವವರೂ ಅವತ್ತು ಮೊಬೈಲ್‌ನಿಂದ ಟಿವಿಗೆ ಹಾಕಿಕೊಂಡು ನೋಡಿದರು. ಎಸ್‌ಡಿಯಲ್ಲಿ ಕ್ಯಾಮರಾ ಸ್ಟೇಡಿಯಂ ಜನರ ಕಡೆ ತಿರುಗಿದ ಕೂಡಲೇ ಚಿತ್ರ ಚೌಕ ಚೌಕ ಒಡೆಯುತ್ತದೆ, ಚೆಂಡು ಅದರೊಳಗೆ ಮಾಯ. ಇಲ್ಲಿ ಚೆಂಡಿನ ಹೊಲಿಗೆ ಕಂಡಿತು. ಪುಕ್ಕಟೆ ಕೊಟ್ಟರೆ ಜನಕ್ಕೆ ಎಲ್ಲ ಬೇಕು.

#30 ಕಲಬುರಗಿ ಬಿಸಿಲು

ಪುಕ್ಕಟೆ ಚೆಂಡಿನ ಹೊಲಿಗೆ ಕಾಣುತ್ತದೆ. ಆದರೆ ನಮ್ಮ ಕಡೆ ಅದೇ ಲೈವ್ ಮ್ಯಾಚ್ ಇಂಟರ್ನೆಟ್‌ನಲ್ಲಿ ಅರ್ಧ ನಿಮಿಷ ತಡವಾಗಿ ಬರುತ್ತದೆ. ಪಕ್ಕದ ಮನೆಯ ಡಿಶ್‌ನವರು "ಔಟ್" ಅಂತ ಕೂಗಿದಾಗ ನಮ್ಮಲ್ಲಿ ಬೌಲರ್ ಇನ್ನೂ ಓಡಲು ಶುರು ಮಾಡಿರುವುದಿಲ್ಲ. ನಾನು 4ಕೆ ಬಿಟ್ಟು ಎಸ್‌ಡಿಗೆ ವಾಪಸ್ ಬಂದೆ, ಬರೀ ಇದಕ್ಕೆ.

#31 ಕೇಬಲ್ ಅಣ್ಣ

ನನ್ನ ಗಿರಾಕಿಗಳನ್ನು ಉಳಿಸಿರುವುದೇ ಆ ಅರ್ಧ ನಿಮಿಷ ಸರ್ 🙏

#32 ಒಸಾಕಾ ಒತ್ತು ಶ್ಯಾವಿಗೆ

ಇಲ್ಲಿ ಕೂತು ಓದುತ್ತಾ ಒಂದು ವಿಷಯ ಹೊಳೆಯಿತು. ನಾನು ಮೊದಲ ಸಲ ಎಚ್‌ಡಿ ಬೇಕು ಅಂದುಕೊಂಡದ್ದು ಚಿತ್ರಕ್ಕಲ್ಲ, ಅಕ್ಷರಕ್ಕೆ. ಜಪಾನಿ ಕಾಂಜಿ ಅಕ್ಷರ ಎಸ್‌ಡಿಯಲ್ಲಿ ಕಪ್ಪು ಉಂಡೆ. ಕನ್ನಡದ್ದೂ ಅದೇ ಕತೆ ಅಲ್ವಾ? ಇಂಗ್ಲಿಷಿಗೆ ಒಂದು ಸಾಲು ಸಾಕು. ನಮಗೆ ಅಕ್ಷರ, ಅದರ ಕೆಳಗೆ ಒತ್ತು. ನ್ಯೂಸ್ ಚಾನೆಲ್ ಕೆಳಗಿನ ಪಟ್ಟಿಯಲ್ಲಿ ಒತ್ತು ಕರಗಿ ಹೋಗಿರುತ್ತದೆ. ದ ಮತ್ತು ಧ ನಡುವೆ ಇರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೆರೆ. ಎಸ್‌ಡಿಯಲ್ಲಿ ಆ ಗೆರೆ ಇರುವುದೇ ಇಲ್ಲ. ಪ, ಫ ಕೂಡ ಹಾಗೇ.

#33 ಪಿಕ್ಸೆಲ್ ಪುಟ್ಟ

ಭಲೇ! ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಳದಿ ವೈರಿನಲ್ಲಿ ಇನ್ನೂ ಕೆಟ್ಟದು. ಬಣ್ಣ, ಬೆಳಕು ಎರಡನ್ನೂ ಒಂದೇ ತಂತಿಯಲ್ಲಿ ಕಲಸಿ ಕಳಿಸುತ್ತದೆ. ಅಕ್ಷರದ ಅಂಚಿನಲ್ಲಿ ಇರುವೆ ಸಾಲು ಹರಿದ ಹಾಗೆ ಚುಕ್ಕಿ ಓಡುತ್ತವೆ. ಕೆಂಪು ಪಟ್ಟಿ ಮೇಲೆ ಬಿಳಿ ಅಕ್ಷರ ಇದ್ದರಂತೂ ದೇವರೇ ಗತಿ. ಚಾನೆಲ್ ಎಸ್‌ಡಿ ಆಗಿದ್ದರೂ ಸರಿ, ಎಚ್‌ಡಿಎಂಐ ಹಾಕಿದರೆ ಅಕ್ಷರ ಎಷ್ಟೋ ಚೊಕ್ಕ.

#34 ಅರಸೀಕೆರೆ ತೆಂಗು

ಇದನ್ನು ಓದಿ ಈಗಷ್ಟೇ ಊರಿಗೆ ಫೋನ್ ಮಾಡಿದೆ. ಆ ಎಚ್‌ಡಿ ಚಾನೆಲ್ ಅನ್ನು ಅಪ್ಪ ಆಗಲೇ ಕ್ಯಾನ್ಸಲ್ ಮಾಡಿಸಿದ್ದಾರೆ. "ಹಂಗಾದ್ರೆ ಆ ಹೊಸ ವೈರೂ ಬೇಡ್ವಾ, ಹಳೇದೇ ಹಾಕಿಸಲಾ?" ಅಂತ ಸುಮ್ನೆ ಕೆಣಕಿದೆ.

"ವೈರು ಮುಟ್ಟಬೇಡ!" ಅಂತ ಗದರಿದರು. ತಿಪಟೂರು ಕೊಬ್ಬರಿ ರೇಟು ಕೆಳಗೆ ಓಡುವಾಗ ಈಗ ಕನ್ನಡಕ ಇಲ್ಲದೆ ಓದಲು ಆಗುತ್ತಿದೆಯಂತೆ. ಮೊದಲು 3 ಯಾವುದು 8 ಯಾವುದು ಗೊತ್ತಾಗುತ್ತಿರಲಿಲ್ಲವಂತೆ. ಅದಕ್ಕೇ ಇಷ್ಟು ದಿನ ರೇಟು ಕೇಳಲು ಮಂಡಿಯವರಿಗೆ ಫೋನ್ ಮಾಡುತ್ತಿದ್ದರಂತೆ.

#35 ರಾಯರ ಮಠದ ಬೀದಿ

ಕೊಬ್ಬರಿ ಈಗ ಎಷ್ಟಿದೆ?

#36 ಹಳೇ ಮೈಸೂರಿಗ

ಶಂಕ್ರಣ್ಣ, 43 ಇಂಚಿಗೆ ಗೋಡೆ ಸ್ಟ್ಯಾಂಡ್ ಫ್ರೀ ಕೊಡುತ್ತೀರಾ?